ಧಾರಣೆಯ ಸುದ್ದಿ ಯಾರಿಗೆ ಲಾಭ?

ದೂರವಾಣಿ, ಮೊಬೈಲ್, ಗಣಕಯಂತ್ರ ಇವುಗಳಿಂದ ಹಿಂದುಳಿದ ಪ್ರದೇಶದ ಸಣ್ಣ ಉತ್ಪಾದಕನಿಗೆ ನಿಜವಾಗಿ ಏನು ಪ್ರಯೋಜನ ಎಂದು ಸದಸ್ಯ ಬಾಂಧವರು ಆಗಾಗ್ಗೆ ಕೇಳುವುದುಂಟು. ಉತ್ತರಕ್ಕಾಗಿ ನಾವು ಬಹುದೂರ ಹೋಗಬೇಕಾಗಿಲ್ಲ. ಘಟ್ಟದ ಕೆಳಗೆ, ಉತ್ತರ ಕೇರಳದ ಮೀನುಗಾರರ ಅನುಭವವನ್ನು ನೋಡಿದರೆ ಸಾಕು.

ಕಾಸರಗೋಡು, ಕಣ್ಣೂರು, ಕಲ್ಲಿಕೋಟೆ ಜಿಲ್ಲೆಗಳಲ್ಲಿ ಬೂತಾಯಿ ಹಿಡಿಯುವವರು ಹೆಚ್ಚಾಗಿ ತಮ್ಮೂರಿನ ದಡದಲ್ಲೇ ಮಾರುತ್ತಿದ್ದರು. ಪಕ್ಕದ ದಡದ ಬೆಲೆ ದೋಣಿಯಲ್ಲಿದ್ದವರಿಗೆ ತಿಳಿಯುತ್ತಿರಲಿಲ್ಲ. 1997ರ ಜನವರಿಯ ಒಂದು ಬೆಳಗ್ಗೆ ವಡಗರದಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲುವ ಸ್ಥಿತಿಯಲ್ಲಿದ್ದರು. ಅದೇ ಹೊತ್ತಿಗೆ 15 ಕಿ.ಮೀ. ಒಳಗೆ 27 ಮಂದಿ ಖರೀದಿದಾರರು ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು! ಹಿಡಿದ ಮೀನಿನಲ್ಲಿ ಸರಾಸರಿ ಶೇಕಡಾ 5ರಿಂದ 8ರಷ್ಟು ಹೀಗೆ ಪೋಲಾಗುತ್ತಿತ್ತು.

1997ರಿಂದ 2001ರ ನಡುವೆ ಈ ಜಿಲ್ಲೆಗಳಿಗೆ ಹಂತಹಂತವಾಗಿ ಮೊಬೈಲ್ ಬಂತು. ದಡದಿಂದ 20–25 ಕಿ.ಮೀ. ದೂರದ ಸಮುದ್ರದಲ್ಲೂ ಅದು ಕೇಳಿಸುತ್ತಿತ್ತು. ದೋಣಿಯಿಂದಲೇ ವಿಚಾರಿಸಿ, ಬೆಲೆಯಿದ್ದ ದಡಕ್ಕೆ ಹೋಗುವುದು ರೂಢಿಯಾಯಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪೋಲು ಬಹುತೇಕ ನಿಂತಿತು. ಮೀನುಗಾರರ ಲಾಭ ಶೇಕಡಾ 8ರಷ್ಟು ಏರಿತು. ಬಳಕೆದಾರರಿಗೆ ಬೆಲೆ ಶೇಕಡಾ 4ರಷ್ಟು ಇಳಿಯಿತು. ಹಾಳಾಗುತ್ತಿದ್ದ ಮಾಲು ಉಳಿದದ್ದರಿಂದಲೇ ಇಬ್ಬರಿಗೂ ಲಾಭ ದೊರೆಯಿತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ 2013ರಲ್ಲಿ ಕೇರಳದ ಮೀನುಗಾರರ ಸ್ಥಿತಿಯನ್ನು ಮತ್ತೆ ಪರಿಶೀಲಿಸಿ, ಈ ಫಲ ಎಲ್ಲೆಡೆಗೂ ಒಂದೇ ಸಮನೆ ಅನ್ವಯಿಸದು ಎಂದು ತೋರಿಸಿದರು. ದೋಣಿಗೋ ಬಲೆಗೋ ಮುಂಗಡ ಕೊಟ್ಟವನಿಗೇ ಮೀನು ಒಪ್ಪಿಸಬೇಕಾದವನಿಗೆ ಬೇರೆ ದಡದ ಬೆಲೆ ತಿಳಿದು ಫಲವೇನು? ಸುದ್ದಿ ಕಿವಿಗೆ ಬಿದ್ದರೂ ಕೈ ಕಟ್ಟಿರುತ್ತದೆ.

ಈ ಮಾತು ನಮಗೂ ಸಲ್ಲುತ್ತದೆ. ಹಿಂದೆ ನಮ್ಮ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ದಿನದ ಧಾರಣೆ ವಿಚಾರಿಸುವ ಅಗತ್ಯವೇ ಇರಲಿಲ್ಲ. 1990ರ ದಶಕದಲ್ಲಿ ಮುಕ್ತ ಮಾರಾಟ ಬಂದ ಮೇಲೆ ಬೆಳೆಗಾರನೇ ಮಾರಾಟಗಾರ. ಅಡಿಕೆಗೆ ಶಿವಮೊಗ್ಗ, ಸಾಗರ, ಶಿರಸಿ ಎಂದು ಮಾರುಕಟ್ಟೆಗೊಂದು ಧಾರಣೆ. ಮೀನು ಗಂಟೆಗಳಲ್ಲಿ ಕೆಡುತ್ತದೆ. ಚೆನ್ನಾಗಿ ಒಣಗಿಸಿದ ಕಾಫಿ, ಅಡಿಕೆ ತಿಂಗಳುಗಟ್ಟಲೆ ಕಾಯುತ್ತವೆ. ಹಾಗಾಗಿ ಧಾರಣೆಯ ಸುದ್ದಿ ಮೀನುಗಾರನಿಗಿಂತ ನಮಗೆ ಹೆಚ್ಚು ಉಪಯುಕ್ತವಾಗಬೇಕು. ಹಾಗಾಗದಿದ್ದರೆ ಕಾರಣವನ್ನು ಮೊಬೈಲಿನಲ್ಲಿ ಹುಡುಕಬಾರದು.

ಸದಸ್ಯರು ಮೂರು ವಿಷಯ ಗಮನಿಸಬೇಕು. ಮೊದಲನೆಯದಾಗಿ, ಧಾರಣೆ ಕೇಳುವಾಗ ಯಾವ ಮಾಲಿಗೆ ಎಂದು ಕೇಳಿ. ಕಾಫಿಯಾದರೆ ಔಟ್‌ಟರ್ನ್ ಎಷ್ಟು, ತೇವಾಂಶ ಎಷ್ಟು. ಅಡಿಕೆಯಾದರೆ ರಾಶಿಯೋ ಬೆಟ್ಟೆಯೋ ಚಾಲಿಯೋ ಎಂಬುದು ತಿಳಿಯದೆ ಹೋಲಿಕೆ ಸಾಧ್ಯವಿಲ್ಲ. ಎರಡನೆಯದಾಗಿ, ಬಾಡಿಗೆ, ಹಮಾಲಿ, ಇತರ ಖರ್ಚು ಕಳೆದು ಕೈಗೆ ಉಳಿಯುವುದನ್ನು ಲೆಕ್ಕ ಹಾಕಿ. ಕ್ವಿಂಟಾಲಿಗೆ 300 ರೂಪಾಯಿ ಹೆಚ್ಚು ಸಿಗುವಲ್ಲಿಗೆ 350 ರೂಪಾಯಿ ಹೆಚ್ಚು ಖರ್ಚು ಮಾಡಿ ಒಯ್ದರೆ 50 ರೂಪಾಯಿ ನಷ್ಟವೇ ಸರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮಳೆಗಾಲದ ಖರ್ಚಿಗೆಂದು ವ್ಯಾಪಾರಿಯಿಂದ ಮುಂಗಡ ಪಡೆದವನು ಕಾಯುವ ಶಕ್ತಿಯನ್ನು ಆಗಲೇ ಮಾರಿಬಿಟ್ಟಿರುತ್ತಾನೆ.

ಆದ್ದರಿಂದ ಧಾರಣೆಯ ಸುದ್ದಿಯ ಜೊತೆಗೆ ಸಕಾಲದ ಬೆಳೆಸಾಲ, ಗೋದಾಮು, ದಾಸ್ತಾನಿನ ಮೇಲೆ ಈಡಿನ ಸಾಲ ಇವೂ ಇರಬೇಕು. ಸುದ್ದಿಯನ್ನು ಯಂತ್ರ ತಂದುಕೊಡುತ್ತದೆ. ಉಳಿದುದನ್ನು ಒದಗಿಸಿಕೊಳ್ಳುವುದಕ್ಕೇ ನಾವು ಸಹಕಾರಿಗಳಾಗಿರುವುದು. ಮುಂಗಡಕ್ಕೆ ಕೈ ಒಡ್ಡುವ ಮೊದಲು ಸದಸ್ಯರು ಸಂಘದ ಕಚೇರಿಗೆ ಒಮ್ಮೆ ಬಂದು ವಿಚಾರಿಸಬೇಕಾಗಿ ಕೋರುತ್ತೇವೆ.