ಡಿಸ್ಕೋ ದೊರೆಯ ಪ್ರಾಣಕ್ಕೆ ಎರವಾದ ಕಾಯಿಲೆ! ಇಲ್ಲಿ ಮುಖವಾಡ ಹಾಕಿದವನೇ ಹೀರೋ!

ಕೊರಳ ತುಂಬ ಚಿನ್ನದ ಸರ, ಕಣ್ಣಿಗೆ ಕಪ್ಪು ಕನ್ನಡಕ, ಮುಖದ ತುಂಬ ನಗು... ಬಪ್ಪಿ ಲಹಿರಿ ಅಂದ್ರೆ ಸಾಕು, ಈ ಚಿತ್ರ ಕಣ್ಣ ಮುಂದೆ ಬಂದು ನಿಲ್ಲುತ್ತೆ! 1982ರ ‘ಡಿಸ್ಕೋ ಡಾನ್ಸರ್’ನಲ್ಲಿ ಮಿಥುನ್ ಚಕ್ರವರ್ತಿಯ ಜತೆಗೆ ಇಡೀ ದೇಶವನ್ನೇ ಕುಣಿಸಿದ ಭೂಪ ಈತ. ನಮಗೂ ಹೊರಗಿನವರಲ್ಲ. ದ್ವಾರಕೀಶ್ ಅವರ ‘ಆಫ್ರಿಕಾದಲ್ಲಿ ಶೀಲಾ’ (1986) ಚಿತ್ರಕ್ಕೆ ಸಂಗೀತ ಕೊಟ್ಟವರು ಇವರೇ.

ಇಂಥ ಬಪ್ಪಿದಾ 2022ರ ಫೆಬ್ರವರಿ 15ರ ರಾತ್ರಿ ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 69 ವರ್ಷ. ಎದೆಯ ಸೋಂಕು ಮತ್ತೆ ಮತ್ತೆ ಕಾಡಿತ್ತು. ಆದರೆ ಸಾವಿಗೆ ಕಾರಣ ಅಂತ ವೈದ್ಯರು ಹೇಳಿದ ಹೆಸರು ಕೇಳಿ ಅಭಿಮಾನಿಗಳು ತಬ್ಬಿಬ್ಬಾದರು. ‘ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ’! ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ.

ಹಾಲಿವುಡ್‌ನಲ್ಲೂ ಇದೇ ಖಳನಾಯಕ ಕಾಣಿಸಿಕೊಂಡಿದ್ದ. ‘ಸ್ಟಾರ್ ವಾರ್ಸ್’ ರಾಜಕುಮಾರಿ ಕ್ಯಾರಿ ಫಿಷರ್ 2016ರ ಡಿಸೆಂಬರ್ 27ರಂದು ಕಣ್ಮುಚ್ಚಿದಾಗ ವಯಸ್ಸು ಬರೀ 60. ಆಕೆಯ ದೇಹದಲ್ಲಿ ಮಾದಕ ವಸ್ತುಗಳ ಕುರುಹೂ ಸಿಕ್ಕಿತ್ತು. ಆದರೆ 2017ರಲ್ಲಿ ಬಂದ ವರದಿಯಲ್ಲಿ ಸಾವಿನ ಕಾರಣಗಳ ಸಾಲಿನಲ್ಲಿ ಸ್ಲೀಪ್ ಆಪ್ನಿಯಾದ ಹೆಸರೂ ಇತ್ತು.

ಗೊರಕೆ ಅಂದ್ರೆ ಕಾಮಿಡಿ ಸೀನೇ?

ನಮ್ಮ ಸಿನಿಮಾಗಳಲ್ಲಿ ಗೊರಕೆ ಬಂತು ಅಂದ್ರೆ ಥಿಯೇಟರ್‌ನಲ್ಲಿ ನಗು ಗ್ಯಾರಂಟಿ. ನಿಜ ಜೀವನದಲ್ಲಿ ಕತೆಯೇ ಬೇರೆ, ಮಿತ್ರರೇ!

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಎಷ್ಟು ಸಡಿಲ ಅಂದರೆ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. 10 ಸೆಕೆಂಡ್, 20 ಸೆಕೆಂಡ್... ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹೊತ್ತು ಉಸಿರೇ ಇಲ್ಲ! ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ದೇಹವನ್ನು ಎಬ್ಬಿಸುತ್ತದೆ. ಮಲಗಿದವ ಒಮ್ಮೆ ಗೊರ್ ಎಂದು ಉಸಿರೆಳೆದು ಮತ್ತೆ ನಿದ್ದೆಗೆ ಜಾರುತ್ತಾನೆ. ಬೆಳಗ್ಗೆ ಅವನಿಗೆ ಇದೊಂದೂ ನೆನಪಿರೋದಿಲ್ಲ!

ಗಂಟೆಗೆ ಇಂಥ ಅಡಚಣೆ 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 5ರಿಂದ 15 ಅಲ್ಪ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಂದು ಸಲ! ಇಂಥವನಿಗೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ, ಹಗಲೆಲ್ಲ ತೂಕಡಿಕೆ. ಅವನ ಕೈಯಲ್ಲಿ ಸ್ಟೀರಿಂಗ್ ಇದ್ದರೆ? ನೈಟ್ ಬಸ್ಸಿನಲ್ಲಿ ಕೂತು ಈ ಪುಟ ಓದುತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ದಪ್ಪಗಿದ್ದವರಿಗೆ ಮಾತ್ರ ಇದು ಬರೋದು ಅಂತ ತಿಳಿಯಬೇಡಿ. ಕೊಬ್ಬಿದ ಕುತ್ತಿಗೆ ಒಂದು ಕಾರಣ ಹೌದು. ಆದರೆ ದವಡೆ ಸಣ್ಣದಿದ್ದರೆ ತೆಳ್ಳಗಿನ ಹುಡುಗನಿಗೂ ಬರಬಹುದು.

ವ್ಯಾಕ್ಯೂಮ್ ಕ್ಲೀನರ್ ಮೋಟಾರಿನ ಪವಾಡ!

ಒಂದು ಕಾಲದಲ್ಲಿ ಈ ಕಾಯಿಲೆ ತೀವ್ರವಾದರೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿನ ದಾರಿ ತೆರೆಯುವುದೇ ದೊಡ್ಡ ಚಿಕಿತ್ಸೆ. 1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇಂಥ ಒಬ್ಬ ರೋಗಿ ‘ತೂತು ಬೇಡವೇ ಬೇಡ’ ಅಂತ ಪಟ್ಟು ಹಿಡಿದ. ಆಗ ಡಾ. ಕಾಲಿನ್ ಸಲಿವನ್ ಹೊಸ ಉಪಾಯ ಹೂಡಿದರು. ವ್ಯಾಕ್ಯೂಮ್ ಕ್ಲೀನರ್ ಮೋಟಾರು ಗಾಳಿ ಹೀರುತ್ತದಲ್ಲ, ಅದನ್ನೇ ಗಾಳಿ ಊದಲು ಬಳಸಿದರು! ಮೂಗಿನ ಮೇಲೆ ಒಂದು ಮಾಸ್ಕ್. ಒತ್ತಡದ ಗಾಳಿ ಗಂಟಲಿನ ಗೋಡೆಗಳನ್ನು ಒಳಗಿನಿಂದಲೇ ತಳ್ಳಿ ಹಿಡಿಯಿತು. ಗೊರಕೆ ನಿಂತಿತು! ಐವರು ರೋಗಿಗಳ ಮೇಲಿನ ಈ ಪ್ರಯೋಗದ ವಿವರ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಇವತ್ತಿನ ‘ಸಿಪ್ಯಾಪ್’ ಮೆಷಿನ್.

ಗಡ್ಡದ ಹೀರೋಗಳೇ, ಹುಷಾರ್!

ಮೆಷಿನ್ ತಂದವರಲ್ಲಿ ಎಷ್ಟೋ ಜನ ವಾರದೊಳಗೆ ಅಟ್ಟಕ್ಕೆ ಹಾಕುತ್ತಾರೆ. ಬಹಳ ಸಲ ತಪ್ಪು ಮೆಷಿನ್ನಿನದಲ್ಲ, ಮಾಸ್ಕ್ ಸರಿಯಾಗಿ ಕೂತಿರೋದಿಲ್ಲ.

ಮಾಸ್ಕಿನಲ್ಲಿ ಮೂರು ಜಾತಿ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಪುಟ್ಟ ದಿಂಬಿನಂಥದು, ಮೂಗನ್ನು ಪೂರ್ತಿ ಮುಚ್ಚುವುದು, ಮೂಗು-ಬಾಯಿ ಎರಡನ್ನೂ ಮುಚ್ಚುವುದು. ಬಾಯಿ ತೆರೆದು ಮಲಗುವವನಿಗೆ ಮೂಗಿನ ಮಾಸ್ಕ್ ಹಾಕಿದರೆ ಗಾಳಿಯೆಲ್ಲ ಬಾಯಿಂದ ಸೋರಿಹೋಗಿ ಬೆಳಗ್ಗೆ ನಾಲಿಗೆ ಒಣಗಿ ಕಟ್ಟಿಗೆಯಾಗುತ್ತದೆ. ಅವನಿಗೆ ಮೂರನೆಯದೇ ಸರಿ, ಇಲ್ಲವೇ ಗದ್ದಕ್ಕೊಂದು ಪಟ್ಟಿ.

ಕೂತು ಅಳತೆ ನೋಡಬೇಡಿ. ಮಲಗಿ, ಮೆಷಿನ್ ಆನ್ ಮಾಡಿ, ಗಾಳಿ ಬರುವಾಗ ಮಾಸ್ಕನ್ನು ಮುಖದಿಂದ ಒಂದು ಸಲ ಮೇಲೆತ್ತಿ ಬಿಡಿ. ಅದರ ಮೆತ್ತೆ ಗಾಳಿ ತುಂಬಿ ತಾನೇ ಕೂರುತ್ತದೆ. ಆಮೇಲೆ ಪಟ್ಟಿ ಎಳೆಯಿರಿ, ಅದೂ ಎರಡು ಕಡೆ ಸಮವಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ. ಬಿಗಿ ಹೆಚ್ಚಾದರೆ ಮೂಗಿನ ಮೇಲೆ ಹುಣ್ಣಾಗುತ್ತದೆ, ಮೆತ್ತೆ ಮಡಚಿ ಸೋರಿಕೆ ಇನ್ನೂ ಜಾಸ್ತಿಯಾಗುತ್ತದೆ! 2023ರ ಜೂನ್‌ನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಜೋ ಬೈಡನ್ ಕೆನ್ನೆಯ ಮೇಲೆ ಗೆರೆ ಕಂಡು ಪತ್ರಕರ್ತರು ಕೇಳಿದಾಗ ಹೊರಬಂದ ಗುಟ್ಟೂ ಇದೇ. ಸಿಪ್ಯಾಪ್ ಪಟ್ಟಿಯ ಗುರುತು!

‘ಕೆ.ಜಿ.ಎಫ್.’ (2018) ನೋಡಿ ಯಶ್ ಥರ ಗಡ್ಡ ಬಿಟ್ಟ ಹುಡುಗರು ಬೀದಿಗೆ ಹತ್ತು ಜನ ಸಿಗ್ತಾರೆ. ಪೊದೆಗಡ್ಡದ ಮೇಲೆ ದೊಡ್ಡ ಮಾಸ್ಕ್ ಅಂಟುವುದಿಲ್ಲ ಗುರೂ! ಹೊಳ್ಳೆಗೆ ಕೂರುವ ದಿಂಬು ನೋಡಿ, ಇಲ್ಲವೇ ಗಡ್ಡಕ್ಕೆ ಕತ್ತರಿ ಹಾಕಿ. ಮುಖದ ಜಿಡ್ಡಿನಿಂದಲೂ ಮಾಸ್ಕ್ ಜಾರುತ್ತದೆ. ದಿನಾ ಮೆತ್ತೆಯನ್ನು ಸೌಮ್ಯ ಸೋಪಿನ ನೀರಿನಲ್ಲಿ ತೊಳೆಯಿರಿ.

ಒತ್ತಡದ ಕೀಲಿ ಯಾರ ಕೈಯಲ್ಲಿ?

ಈ ಗಾಳಿಯ ಒತ್ತಡವನ್ನು ಅಳೆಯುವುದು ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ. ಸಾಮಾನ್ಯ ಮೆಷಿನ್ 4ರಿಂದ 20ರವರೆಗೆ ಕೊಡುತ್ತದೆ. ಯಾರಿಗೆ ಎಷ್ಟು ಬೇಕು ಅನ್ನೋದು ನಿದ್ರಾ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ತಲೆಗೆ, ಎದೆಗೆ ತಂತಿ ಅಂಟಿಸಿ ಮಲಗಿಸಿ, ಉಸಿರು ಕಟ್ಟುವುದು ನಿಲ್ಲುವವರೆಗೆ ಒತ್ತಡವನ್ನು ಮೆಲ್ಲಗೆ ಏರಿಸುತ್ತಾ ಹೋಗುತ್ತಾರೆ. ಈಗ ‘ಆಟೋ’ ಮೆಷಿನ್ ಕೂಡ ಇವೆ. ಡಾಕ್ಟರು ಕೆಳಗಿನ, ಮೇಲಿನ ಮಿತಿ ಹಾಕಿಕೊಟ್ಟರೆ ಅದರೊಳಗೆ ತಾನೇ ಏರಿಳಿಯುತ್ತದೆ.

ಒತ್ತಡ ಕಡಿಮೆಯಾದರೆ ಗೊರಕೆ ವಾಪಸ್. ಹೆಚ್ಚಾದರೆ ಗಾಳಿ ಹೊಟ್ಟೆಗೆ ಹೋಗಿ ಉಬ್ಬರ. ಕೆಲವರಲ್ಲಿ ಉಸಿರಾಡು ಎನ್ನುವ ಅಪ್ಪಣೆಯನ್ನೇ ಮಿದುಳು ಕೊಡದೆ ಬೇರೊಂದು ಬಗೆಯಲ್ಲಿ ಉಸಿರು ನಿಲ್ಲುವುದುಂಟು! ಅದಕ್ಕೇ ಹೇಳೋದು: ‘ನಮ್ಮ ಮಾವಂಗೆ 12 ಇಟ್ಟಿದ್ರು, ನನಗೂ ಅಷ್ಟೇ ಇರ್ಲಿ’ ಅನ್ನೋ ಲೆಕ್ಕ ಬೇಡ. ಒತ್ತಡದ ಅಂಕಿ ಡಾಕ್ಟರದು.

ನಿಮ್ಮ ಕೈಯಲ್ಲಿ ಇರೋದು ಬೇರೆ. ‘ರ‍್ಯಾಂಪ್’ ಹಾಕಿದರೆ ಶುರುವಿನಲ್ಲಿ ಗಾಳಿ ಮೆಲ್ಲಗೆ ಬಂದು, ನಿದ್ದೆ ಹತ್ತುವ ಹೊತ್ತಿಗೆ ಪೂರ್ತಿ ಒತ್ತಡಕ್ಕೆ ಏರುತ್ತದೆ. ಉಸಿರು ಬಿಡಲು ಕಷ್ಟವಾದರೆ, ಬಿಡುವಾಗ ಮಾತ್ರ ಒತ್ತಡ ಇಳಿಸುವ ಸವಲತ್ತನ್ನು ಡಾಕ್ಟರ ಹತ್ತಿರ ಕೇಳಿ. ಮೂಗು ಒಣಗಿದರೆ ತೇವದ ಡಬ್ಬಿಯ ಮಟ್ಟ ಏರಿಸಿ, ಅದಕ್ಕೆ ಡಿಸ್ಟಿಲ್ಡ್ ನೀರೇ ಹಾಕಿ. ಪೈಪಿನಲ್ಲಿ ನೀರು ಕಟ್ಟಿ ಗುಳುಗುಳು ಅಂದರೆ ತೇವ ಇಳಿಸಿ, ಮೆಷಿನ್ನನ್ನು ಹಾಸಿಗೆಗಿಂತ ತಗ್ಗಿನಲ್ಲಿಡಿ. ಹಗಲಲ್ಲಿ ಪುಸ್ತಕ ಓದುತ್ತಾ ಅರ್ಧ ಗಂಟೆ ಮಾಸ್ಕ್ ಹಾಕಿ ಕೂತರೆ ಭಯ ಹೋಗುತ್ತದೆ.

ಬೆಳಗ್ಗೆ ಮೆಷಿನ್ನಿನ ಪರದೆ ನೋಡಿ. ಎಷ್ಟು ಗಂಟೆ ಹಾಕಿದ್ದಿರಿ, ಸೋರಿಕೆ ಎಷ್ಟು, ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು, ಎಲ್ಲಾ ಇರುತ್ತದೆ. ಕೊನೆಯದು 5ಕ್ಕಿಂತ ಕೆಳಗಿಳಿದರೆ ಪಿಕ್ಚರ್ ಹಿಟ್!

ಸೆಕೆಂಡ್ ಹ್ಯಾಂಡ್ ಆಸೆಗೆ ಬೀಳಬೇಡಿ

ಹೊಸ ಮೆಷಿನ್ ದುಬಾರಿ, ನಿಜ. ಹಾಗಂತ ಯಾರೋ ಬಿಟ್ಟದ್ದನ್ನು ಕಣ್ಮುಚ್ಚಿ ಕೊಳ್ಳಬೇಡಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಗಟ್ಟಲೆ ಮೆಷಿನ್‌ಗಳನ್ನು ವಾಪಸ್ ಕರೆಸಬೇಕಾಯಿತು. ಸದ್ದಡಗಿಸಲು ಒಳಗಿಟ್ಟಿದ್ದ ಸ್ಪಂಜು ಪುಡಿಯಾಗಿ ಗಾಳಿಯ ಜತೆ ಒಳಹೋಗುವ ಭಯವಿತ್ತು. ಮಾಡೆಲ್ ನಂಬರ್ ಡಾಕ್ಟರಿಗೆ ತೋರಿಸಿ, ಆಮೇಲೆ ದುಡ್ಡು ಕೊಡಿ.

ಇನ್ನೊಂದು ಮಾತು. ಮಲಗೋ ಮುಂಚೆ ಎರಡು ಪೆಗ್ ಹಾಕಿದರೆ ಗಂಟಲು ಇನ್ನಷ್ಟು ಸಡಿಲವಾಗುತ್ತದೆ. ತೂಕ ಇಳಿದರೆ ಕಾಯಿಲೆಯೂ ಇಳಿಯುತ್ತದೆ, ಒಂದೊಂದು ಸಲ ಒತ್ತಡವನ್ನೂ ಇಳಿಸಬಹುದು.

ನಿಮ್ಮ ರೂಮ್‌ಮೇಟ್, ಅಣ್ಣ, ಅಪ್ಪ... ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ತಟಕ್ಕನೆ ಸುಮ್ಮನಾಗಿ, ಆಮೇಲೆ ಬೆಚ್ಚಿ ಉಸಿರೆಳೆಯುತ್ತಾರಾ? ಮೊಬೈಲಿನಲ್ಲಿ ವಿಡಿಯೋ ಮಾಡಿ. ಗೆಳೆಯರ ಗುಂಪಿಗೆ ಕಳಿಸಿ ನಗೋಕಲ್ಲ... ಡಾಕ್ಟರಿಗೆ ತೋರಿಸೋಕೆ!