ರೆಕ್ಕೆಯನ್ನು ಅಗಲುವ ಗಾಳಿ

ವಿಮಾನವು ನೆಲಕ್ಕಿಳಿಯುವ ಹೊತ್ತಿನಲ್ಲಿ ರೆಕ್ಕೆಯ ಹಿಂದಂಚಿನಿಂದ ಹಲಗೆಗಳಂಥ ಕೆಲವು ಭಾಗಗಳು ಮೆಲ್ಲನೆ ಹಿಂದಕ್ಕೆ ಸರಿದು ಕೆಳಕ್ಕೆ ಬಾಗುವುದನ್ನು ಕಿಟಕಿಯ ಬಳಿ ಕುಳಿತ ಪ್ರಯಾಣಿಕರು ಗಮನಿಸಿರಬಹುದು. ಇವಕ್ಕೆ ಫ್ಲ್ಯಾಪುಗಳೆಂದು ಹೆಸರು. ಇವುಗಳ ಅಗತ್ಯವೇನೆಂಬುದು ಸರಳವಾದೊಂದು ಲೆಕ್ಕದಿಂದ ತಿಳಿಯುತ್ತದೆ. ವಿಮಾನವನ್ನು ಎತ್ತಿಹಿಡಿಯುವ ಬಲವು ವೇಗದ ವರ್ಗವನ್ನು ಅವಲಂಬಿಸಿದೆ. ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗಕ್ಕಿಳಿಯುತ್ತದೆ. ಭಾರವಾದರೋ ಇದ್ದಷ್ಟೇ ಇರುತ್ತದೆ. ಆದ್ದರಿಂದ ನಿಧಾನವಾಗಿ ಇಳಿಯಬೇಕಾದಾಗ ರೆಕ್ಕೆಯ ಡೊಂಕನ್ನೂ ಹರಹನ್ನೂ ಹೆಚ್ಚಿಸಬೇಕು.

ಹಾಗಾದರೆ ಫ್ಲ್ಯಾಪನ್ನು ಇನ್ನಷ್ಟು ಬಾಗಿಸಿದರೆ ಇನ್ನಷ್ಟು ಬಲ ದೊರೆಯಬೇಕಲ್ಲವೆ? ದೊರೆಯದು. ಒಂದು ಮಿತಿಯಾಚೆಗೆ ಗಾಳಿಯು ಆ ಬಾಗಿದ ಮೈಯನ್ನು ಅನುಸರಿಸಲೊಲ್ಲದೆ ಅದನ್ನು ಬಿಟ್ಟು ಹೊರಟುಹೋಗುತ್ತದೆ. ಬಿಟ್ಟ ಎಡೆಯಲ್ಲಿ ಸುಳಿಗಳೇಳುತ್ತವೆ. ಎತ್ತುವ ಬಲ ಕುಗ್ಗುತ್ತದೆ, ಹಿಂದಕ್ಕೆಳೆಯುವ ಬಲ ಹೆಚ್ಚುತ್ತದೆ. ರೆಕ್ಕೆಯ ಬಹುಭಾಗದಲ್ಲಿ ಹೀಗಾದರೆ ವಿಮಾನ ಕುಸಿಯುತ್ತದೆ. ನೆಲದ ಸಮೀಪದಲ್ಲಿ ಚೇತರಿಸಿಕೊಳ್ಳಲು ಬೇಕಾದ ಎತ್ತರವೇ ಉಳಿದಿರುವುದಿಲ್ಲ. ನಮ್ಮ ಆಲಂಕಾರಿಕರು ಅಗಲಿಕೆಗೆ ವಿಪ್ರಲಂಭವೆಂದು ಹೆಸರಿಟ್ಟು ಅದರಲ್ಲಿ ಶೃಂಗಾರವನ್ನು ಕಂಡರು. ಚಾಲಕನಿಗೆ ಈ ಅಗಲಿಕೆಯಲ್ಲಿ ಭಯಾನಕವಲ್ಲದೆ ಬೇರೆ ರಸ ಕಾಣದು.

ಇದರ ಕಾರಣವನ್ನು ಮೊದಲು ಸ್ಪಷ್ಟಪಡಿಸಿದವರು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. 1904ರಲ್ಲಿ ಹೈಡಲ್‌ಬರ್ಗಿನಲ್ಲಿ ಸೇರಿದ್ದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ಓದಿದ ಪ್ರಬಂಧ ಕೆಲವೇ ಪುಟಗಳದು. ರೆಕ್ಕೆಯ ಮೈಗೆ ತಾಗಿದ ಗಾಳಿ ಅಲ್ಲಿಯೇ ಅಂಟಿ ನಿಂತಿರುತ್ತದೆ. ತುಸು ಮೇಲಕ್ಕೆ ಸರಿದರೆ ಗಾಳಿಗೆ ಪೂರ್ಣ ವೇಗವಿರುತ್ತದೆ. ಇವೆರಡರ ನಡುವಣ ತೆಳುವಾದ ಪದರವೇ ಸೀಮಾಸ್ತರ. ರೆಕ್ಕೆಯ ಉಬ್ಬನ್ನು ದಾಟಿದ ಮೇಲೆ ಗಾಳಿಯು ಕಡಿಮೆ ಒತ್ತಡದ ಕಡೆಯಿಂದ ಹೆಚ್ಚು ಒತ್ತಡದ ಕಡೆಗೆ ಸಾಗಬೇಕು, ಎಂದರೆ ದಿಬ್ಬವೇರಿದಂತೆಯೇ. ಹೊರಗಿನ ಗಾಳಿಗೆ ಕಸುವಿದೆ, ಏರಿಬಿಡುತ್ತದೆ. ಘರ್ಷಣೆಯಿಂದ ಬಳಲಿದ ಸೀಮಾಸ್ತರದ ಗಾಳಿಯಾದರೋ ನಡುದಾರಿಯಲ್ಲಿ ನಿಂತು, ಕಡೆಗೆ ಹಿಮ್ಮುಖವಾಗಿ ಹರಿಯತೊಡಗುತ್ತದೆ. ಹಿಂದಿನಿಂದ ಬರುವ ಪ್ರವಾಹ ಅದರ ಮೇಲೇರಿ ರೆಕ್ಕೆಯಿಂದ ದೂರ ಸರಿಯುತ್ತದೆ. ಫ್ಲ್ಯಾಪು ಹೆಚ್ಚು ಬಾಗಿದಷ್ಟೂ ಆ ದಿಬ್ಬ ಕಡಿದಾಗುತ್ತದೆ. ಒಂದು ಉರುಳೆಯ ಮೈಯಲ್ಲಿ ಸೀಳು ಮಾಡಿ, ಬಳಲಿದ ಪದರವನ್ನು ಒಳಕ್ಕೆ ಹೀರಿಕೊಂಡರೆ ಪ್ರವಾಹ ಅಗಲದೆಂದೂ ಪ್ರಾಂಟ್ಲ್ ಅದೇ ಪ್ರಬಂಧದಲ್ಲಿ ತೋರಿಸಿದರು. ರೋಗದ ನಿದಾನವೂ ಚಿಕಿತ್ಸೆಯೂ ಒಟ್ಟಿಗೇ ಬಂದುವು.

ಬಳಕೆಗೆ ಬಂದುದು ಮಾತ್ರ ಬೇರೊಂದು ಉಪಾಯ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಕುಸಿದು ಗಾಯಗೊಂಡ ಜರ್ಮನ್ ಯುವಕ ಗುಸ್ಟಾವ್ ಲಾಖ್‌ಮನ್ ಆಸ್ಪತ್ರೆಯಲ್ಲಿ ಯೋಚಿಸಿದ್ದು ರೆಕ್ಕೆಯಲ್ಲಿ ಸಂದು ಬಿಡುವುದನ್ನು; ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡರು. ಕೆಳಗಣ ಚುರುಕಾದ ಗಾಳಿ ಸಂದಿನಿಂದ ನುಗ್ಗಿ ಮೇಲಣ ಬಳಲಿದ ಗಾಳಿಗೆ ಶಕ್ತಿ ತುಂಬುತ್ತದೆಂಬುದು ಪುಸ್ತಕಗಳಲ್ಲಿ ಇಂದಿಗೂ ಕಾಣುವ ವಿವರಣೆ. ಕೇಳಲು ಚೆನ್ನ, ಆದರೆ ಸರಿಯಲ್ಲ. ಅಮೆರಿಕದ ಎ. ಎಂ. ಓ. ಸ್ಮಿತ್ 1975ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ತಿದ್ದಿದರು. ಬಿಡಿಯಾದ ಪ್ರತಿಯೊಂದು ತುಂಡಿನ ಮೇಲೂ ಸೀಮಾಸ್ತರ ಹೊಸದಾಗಿ ಆರಂಭವಾಗುತ್ತದೆ. ಮುಂದಿನ ತುಂಡು ಹಿಂದಿನದರ ಮೂತಿಯ ಬಳಿಯ ಒತ್ತಡದ ಕುಸಿತವನ್ನು ತಗ್ಗಿಸುತ್ತದೆ. ಆಗ ಅದರ ಮೇಲಣ ಗಾಳಿ ಹತ್ತಬೇಕಾದ ದಿಬ್ಬವೂ ತಗ್ಗುತ್ತದೆ. ಹಿಂದಿನ ತುಂಡು ತನ್ನ ಪಾಲಿಗೆ, ಮುಂದಿನದನ್ನು ಬಿಟ್ಟುಹೋಗುವ ಗಾಳಿಯ ವೇಗವನ್ನು ಹೆಚ್ಚಿಸಿ ಅದರ ಭಾರವನ್ನು ಇಳಿಸುತ್ತದೆ. ಎಂದರೆ ಇದು ಶಕ್ತಿದಾನವಲ್ಲ, ನೆರೆಹೊರೆಯ ಸಹಕಾರ.

ನಿಜವಾಗಿ ಶಕ್ತಿ ತುಂಬುವ ಕ್ರಮವೂ ಉಂಟು. 1954ರಲ್ಲಿ ಮೊದಲು ಹಾರಿದ ಅಮೆರಿಕದ ಎಫ್-104 ಯುದ್ಧವಿಮಾನದ ರೆಕ್ಕೆ ಬಲು ಚಿಕ್ಕದು, ತೆಳುವಾದುದು. ಎಂಜಿನ್ನಿನಿಂದ ಸೆಳೆದ ಒತ್ತಡದ ಗಾಳಿಯನ್ನು ಫ್ಲ್ಯಾಪಿನ ಮೇಲೆ ಊದಿ ಅದರ ಇಳಿವೇಗವನ್ನು ತಗ್ಗಿಸಿದರು. ನಮ್ಮ ವಾಯುಪಡೆ 2025ರಲ್ಲಿ ಬೀಳ್ಕೊಟ್ಟ ಮಿಗ್-21ರ ಕೊನೆಯ ಮಾದರಿಯಲ್ಲಿಯೂ ಈ ಏರ್ಪಾಡಿತ್ತು. ಆದರೆ ಉಸಿರು ಎಂಜಿನ್ನಿನದು. ಎಂಜಿನ್ನು ಸೊರಗಿದರೆ, ಬೇಕಾದ ಹೊತ್ತಿಗೇ ಊದುವುದೂ ನಿಲ್ಲುತ್ತದೆ. ಎಫ್-104ರ ಚಾಲಕರು ಚಕ್ರ ನೆಲ ಮುಟ್ಟುವವರೆಗೂ ಎಂಜಿನ್ನಿನ ಬಿರುಸನ್ನು ಇಳಿಸದೆ ಬರಬೇಕಾಗುತ್ತಿತ್ತು. ಕಡಲ ಮೇಲೆ ಇಳಿಯುವ ಜಪಾನಿನ ಯುಎಸ್-2 ವಿಮಾನದಲ್ಲಿ, ಹಾರಿಸುವ ನಾಲ್ಕು ಎಂಜಿನ್ನುಗಳಲ್ಲದೆ ಊದುವುದಕ್ಕೆಂದೇ ಐದನೆಯದೊಂದಿದೆ. ದುಬಾರಿ, ನಿಜ, ಆದರೂ ಅಲೆಗಳ ಮೇಲೆ ಮೆಲ್ಲನೆ ಇಳಿದು ಮುಳುಗುವವರನ್ನು ಎತ್ತಿಕೊಳ್ಳಬೇಕಾದ ವಿಮಾನಕ್ಕೆ ಆ ವೆಚ್ಚ ಹೆಚ್ಚೆನ್ನಲಾರೆ.

ಗಾಳಿಯ ಸಣ್ಣ ಧಾರೆಗಳನ್ನು, ಚಲಿಸುವ ಭಾಗಗಳಿಲ್ಲದೆಯೇ, ಅತ್ತಿತ್ತ ಬೀಸುವಂತೆ ಮಾಡುವುದು ಈಚಿನ ಪ್ರಯತ್ನ. 2015ರಲ್ಲಿ ನಾಸಾ ಮತ್ತು ಬೋಯಿಂಗ್ ಸಂಸ್ಥೆಗಳು 757 ವಿಮಾನವೊಂದರ ಬಾಲದ ಚುಕ್ಕಾಣಿಯ ಬಳಿ ಇಂಥ 31 ಧಾರೆಗಳನ್ನಿಟ್ಟು ಹಾರಿಸಿ ಪರೀಕ್ಷಿಸಿದುವು. ಪ್ರಯಾಣಿಕರ ವಿಮಾನದ ಫ್ಲ್ಯಾಪುಗಳು ಸಂದನ್ನೇ ನೆಚ್ಚಿವೆ. ಅದಕ್ಕೆ ಉಸಿರೂದುವ ಯಂತ್ರ ಬೇಡ, ನಿಂತುಹೋಗುವ ಭಯವಿಲ್ಲ. ಸಂದುಗಳ ಸಂಖ್ಯೆ ಮಾತ್ರ ಇಳಿದಿದೆ: 1963ರಲ್ಲಿ ಹಾರಿದ ಬೋಯಿಂಗ್ 727ರ ಫ್ಲ್ಯಾಪಿನಲ್ಲಿ ಮೂರು; ಸಂದಿನ ಅಗಲವನ್ನೂ ಆಕಾರವನ್ನೂ ಗಣಕಯಂತ್ರದಿಂದ ಲೆಕ್ಕಹಾಕಿ, 2009ರಲ್ಲಿ ಹಾರಿಸಿದ 787ರಲ್ಲಿ ಒಂದೇ.