ಗುಂಯ್‌ಗುಡದ ಗಾಡಿ: ಮಂಡ್ಯ ಸೀಮೆಯ ಮೂರು ದಾರಿ, ಒಂದು ಸೈಲೆನ್ಸರ್

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಆಮೇಲೆ ಮಂಡ್ಯ ಸೀಮೆಯ ಕಾರುಗಳ ಓಟದ ರೀತಿಯೇ ಬದಲಾಯಿತು. ಮದ್ದೂರು, ಮಂಡ್ಯ ಪೇಟೆಗಳೊಳಗೆ ಗೇರು ಬದಲಿಸುತ್ತ ತೆವಳುತ್ತಿದ್ದ ಗಾಡಿ ಈಗ ಬೈಪಾಸಿನ ಮೇಲೆ ಒಂದೇ ಗೇರಿನಲ್ಲಿ, ಒಂದೇ ವೇಗದಲ್ಲಿ ಓಡುತ್ತದೆ. ಕಂಪನಿ ಸೈಲೆನ್ಸರ್ ಇರುವ ಕಾರಿನಲ್ಲಿ ಈ ಪ್ರಯಾಣ ಹಿತವಾಗಿಯೇ ಇರುತ್ತದೆ. ಆ ಸೈಲೆನ್ಸರ್ ಬಿಚ್ಚಿಸಿ, ಹೊಗೆ ಸರಾಗವಾಗಿ ಹೋಗುವ ‘ಫ್ರೀ ಫ್ಲೋ’ ಹಾಕಿಸಿದವರ ಪಾಡು ಬೇರೆ. ಪೇಟೆಯಲ್ಲಿ ಗತ್ತಾಗಿ ಕೇಳಿಸಿದ ಸದ್ದು ಹೆದ್ದಾರಿಯಲ್ಲಿ ತಲೆಯೊಳಗೆ ಕೂತ ಗುಂಯ್‌ಗುಡುವಿಕೆಯಾಗುತ್ತದೆ. ಹಿಂದಿನ ಸೀಟಿನ ಮಕ್ಕಳಿಗೆ ನಿದ್ದೆ ಹತ್ತುವುದಿಲ್ಲ, ಮುಂದೆ ಕೂತವರ ಮಾತು ಹಿಂದಿನವರಿಗೆ ಕೇಳುವುದಿಲ್ಲ.

ಇದರ ಕಾರಣ ಎಂಜಿನ್ ಉಸಿರು ಬಿಡುವ ರೀತಿಯಲ್ಲಿದೆ. ಪ್ರತಿ ಸಿಲಿಂಡರಿನಲ್ಲಿ ಇಂಧನ ಉರಿದು ಹೊರಹಾಕುವ ಕವಾಟ ತೆರೆದಾಗ ಒತ್ತಡ ತುಂಬಿದ ಬಿಸಿ ಅನಿಲ ಒಮ್ಮೆಲೇ ನುಗ್ಗುತ್ತದೆ. ಆ ಒಂದೊಂದು ನುಗ್ಗಾಟವೂ ಒಂದೊಂದು ಶಬ್ದದ ಅಲೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ ಇಂಥ 100 ಅಲೆಗಳು ಹೊರಡುತ್ತವೆ. ಮೂರು ಸಿಲಿಂಡರಿನದಾದರೆ 75. ಹಳೆಯ ಸ್ವಿಫ್ಟ್‌ಗಳಲ್ಲಿ ಪೆಟ್ರೋಲ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್ ಇದ್ದವು, 2024ರಲ್ಲಿ ಬಂದ ಹೊಸ ಸ್ವಿಫ್ಟ್‌ನಲ್ಲಿ ಮೂರು. ಹೆಸರು ಒಂದೇ ಆದರೂ ಸದ್ದಿನ ಸ್ವಭಾವ ಬೇರೆ. ಒಂದಕ್ಕೆ ಒಗ್ಗಿದ ಸೈಲೆನ್ಸರ್ ಇನ್ನೊಂದಕ್ಕೆ ಒಗ್ಗಲೇಬೇಕೆಂದಿಲ್ಲ.

ಕಾರಿನ ಹೊಟ್ಟೆಯಡಿ ಮುಂದಿನಿಂದ ಹಿಂದಕ್ಕೆ ಸಾಗುವ ಕೊಳವೆಯಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ಕೆಲಸ. ಎಂಜಿನ್ನಿಗೆ ಅಂಟಿಕೊಂಡ ಮ್ಯಾನಿಫೋಲ್ಡ್ ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೆಡೆ ಕೂಡಿಸುತ್ತದೆ. ಮುಂದಿನದು ಕ್ಯಾಟಲಿಟಿಕ್ ಕನ್ವರ್ಟರ್. ಸಣ್ಣ ಸಣ್ಣ ಕಿಂಡಿಗಳ ಪಿಂಗಾಣಿ ದಿಮ್ಮಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಈ ಡಬ್ಬಿ ವಿಷಾನಿಲಗಳನ್ನು ಮುರಿಯುವುದರ ಜೊತೆಗೆ ಸದ್ದನ್ನೂ ಒಂದಿಷ್ಟು ಹೀರುತ್ತದೆ. ಎಂಜಿನ್ನಿನ ಅಲುಗಾಟ ಬಾಡಿಗೆ ಮುಟ್ಟದಂತೆ ನಡುವೆ ಬಳುಕುವ ಜಾಲರಿ ಕೊಳವೆ ಇರುತ್ತದೆ. ಆಮೇಲೆ ಕೆಲವು ಸ್ವರಗಳನ್ನಷ್ಟೇ ತಗ್ಗಿಸುವ ರೆಸೊನೇಟರ್, ಕೊನೆಗೆ ಎಲ್ಲರೂ ಸೈಲೆನ್ಸರ್ ಎಂದು ಕರೆಯುವ ದೊಡ್ಡ ಡಬ್ಬಿ.

ಈ ಡಬ್ಬಿಯ ಇತಿಹಾಸ ಹೆಚ್ಚುಕಡಿಮೆ ಕಾರಿನಷ್ಟೇ ಹಳೆಯದು. ಅಮೆರಿಕದ ಇಂಡಿಯಾನಾ ರಾಜ್ಯದ ಮಿಲ್ಟನ್ ರೀವ್ಸ್ ಮತ್ತು ಅವರ ಸಹೋದರ ಎಂಜಿನ್ ಸದ್ದಡಗಿಸುವ ಸಾಧನಕ್ಕೆ 1897ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದಿನಿಂದ ಇಂದಿನವರೆಗೆ ಸದ್ದಡಗಿಸಲು ಮುಖ್ಯವಾಗಿ ಎರಡು ಉಪಾಯಗಳಿವೆ. ಡಬ್ಬಿಯೊಳಗೆ ಗೋಡೆ, ಕೋಣೆ ಮಾಡಿ ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ತಣಿಯುವಂತೆ ಮಾಡುವುದು ಮೊದಲನೆಯದು. ಕಾರ್ಖಾನೆಯಿಂದ ಬರುವ ಕಾರುಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ತೂತು ಕೊರೆದ ನೇರ ಕೊಳವೆಯ ಸುತ್ತ ಗಾಜಿನ ನಾರು ತುಂಬಿ ಸದ್ದು ಹೀರಿಸುವುದು ಎರಡನೆಯದು. ಅಂಗಡಿಯ ಫ್ರೀ ಫ್ಲೋ ಡಬ್ಬಿಗಳು ಬಹುತೇಕ ಈ ಜಾತಿಯವು. ನಾರಿನ ಪದರ ಕೀರಲು ಸದ್ದನ್ನು ಚೆನ್ನಾಗಿ ಹೀರುತ್ತದೆ, ತಗ್ಗಿನ ಗುಡುಗನ್ನು ಅಷ್ಟಾಗಿ ಹೀರಲಾರದು. ಬಿಸಿ ಮತ್ತು ಒತ್ತಡಕ್ಕೆ ನಾರು ಕ್ರಮೇಣ ಸುಟ್ಟು ಹಾರಿಹೋಗುವುದರಿಂದ, ಹಾಕಿಸಿದ ದಿನ ಮೆತ್ತಗಿದ್ದ ಗಾಡಿ ತಿಂಗಳುಗಳು ಕಳೆದಂತೆ ಜೋರಾಗುತ್ತ ಹೋಗುತ್ತದೆ.

ಇಷ್ಟಕ್ಕೂ ಜನ ಕಂಪನಿ ಡಬ್ಬಿ ಬಿಚ್ಚಿಸುವುದು ಏತಕ್ಕೆ? ಸದ್ದಿನ ಗತ್ತು ಒಂದು ಕಾರಣ, ‘ಪಿಕಪ್ ಜಾಸ್ತಿಯಾಗುತ್ತದೆ’ ಎಂಬ ನಂಬಿಕೆ ಇನ್ನೊಂದು. ಹೊಗೆ ಸರಾಗವಾಗಿ ಹೊರಹೋದರೆ ಎಂಜಿನ್ನಿನ ಶ್ರಮ ತಗ್ಗುತ್ತದೆ ಎಂಬುದೇನೋ ನಿಜ. ಟರ್ಬೊ ಇರುವ ಎಂಜಿನ್ನಿನಲ್ಲಿ ಅದರ ಲಾಭ ಕಾಣುತ್ತದೆ. ಟರ್ಬೊ ಇಲ್ಲದ ಚಿಕ್ಕ ಕಾರಿನಲ್ಲಿ ಕೊನೆಯ ಡಬ್ಬಿಯೊಂದನ್ನೇ ಬದಲಿಸಿದರೆ ಸಿಗುವುದು ಅತ್ಯಲ್ಪ. ಕೊಳವೆ ಅಳತೆ ಮೀರಿ ದಪ್ಪವಾದರೆ ಅನಿಲದ ಓಟ ನಿಧಾನವಾಗಿ ಕಡಿಮೆ ಸುತ್ತಿನಲ್ಲಿನ ಎಳೆತವೇ ಕುಂದುತ್ತದೆ. ಕಿವಿಗೆ ಶಕ್ತಿಯೆಂದು ತೋರುವುದು ಬಹಳ ಸಲ ಬರೀ ಸದ್ದು.

ಹೆದ್ದಾರಿಯ ಗುಂಯ್‌ಗುಡುವಿಕೆಗೆ ಮದ್ದಿದೆ, ಅದಕ್ಕೆ ಲೆಕ್ಕ ಬೇಕು. ಎಂಜಿನ್ನಿನ ಅಲೆಗಳ ಲಯಕ್ಕೂ ಕಾರಿನೊಳಗಿನ ಗಾಳಿ ಮತ್ತು ತಗಡುಗಳ ಲಯಕ್ಕೂ ಹೊಂದಾಣಿಕೆಯಾದಾಗ ಸದ್ದು ಹಿಗ್ಗುತ್ತದೆ. ಖಾಲಿ ಸೀಸೆಯ ಬಾಯಿಗೆ ಊದಿದಾಗ ಒಂದೇ ಸ್ವರ ಎದ್ದುಬರುವುದೂ ಇದೇ ನಿಯಮದಿಂದ. ಆ ಸ್ವರವನ್ನು ಕೊಲ್ಲಲು ಮುಖ್ಯ ಕೊಳವೆಗೆ ತುದಿ ಮುಚ್ಚಿದ ಪಕ್ಕದ ಕೊಳವೆಯೊಂದನ್ನು ಬೆಸೆಯುತ್ತಾರೆ. ಅದರೊಳಗೆ ಹೋದ ಅಲೆ ತಡವಾಗಿ, ತಿರುಗುಮುರುಗಾಗಿ ಮರಳಿ ಬಂದು ಮೂಲ ಅಲೆಯನ್ನು ಅಳಿಸುತ್ತದೆ. ಅದರ ಉದ್ದ ಅಲೆಯುದ್ದದ ಕಾಲುಭಾಗ ಇರಬೇಕು. ಹೊಗೆ ಸುಮಾರು 400 ಡಿಗ್ರಿ ಸೆಲ್ಸಿಯಸ್ ಕಾದಿದ್ದಾಗ ಅದರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 520 ಮೀಟರ್ ಓಡುತ್ತದೆ. ಸೆಕೆಂಡಿಗೆ 100 ಅಲೆಯ ಗುಡುಗಿಗೆ ಬೇಕಾದ ಪಕ್ಕದ ಕೊಳವೆಯ ಉದ್ದ ಸುಮಾರು 1.3 ಮೀಟರ್, 75 ಅಲೆಯದಕ್ಕೆ 1.7 ಮೀಟರಿಗೂ ಹೆಚ್ಚು. ಚಿಕ್ಕ ಕಾರಿನಡಿ ಅಷ್ಟು ಜಾಗ ಸಿಗುವುದೇ ಕಷ್ಟ. ಕಂಪನಿ ಎಂಜಿನಿಯರುಗಳು ಈ ಲೆಕ್ಕವನ್ನೆಲ್ಲ ಮಾಡಿಯೇ ಡಬ್ಬಿಯ ಗಾತ್ರ, ಜಾಗ ನಿಗದಿ ಮಾಡಿರುತ್ತಾರೆ.

ಮೊಬೈಲಿನ ಡೆಸಿಬೆಲ್ ಆ್ಯಪ್ ನಂಬಿ ‘ಸದ್ದು ಜಾಸ್ತಿಯಾಗಿಲ್ಲ’ ಎನ್ನುವವರೂ ಇದ್ದಾರೆ. ಸಾಮಾನ್ಯ ಅಳತೆಯಾದ ‘ಎ’ ಕ್ರಮದಲ್ಲಿ 100 ಹರ್ಟ್ಸ್‌ನ ತಗ್ಗಿನ ಸದ್ದಿಗೆ ಸುಮಾರು 19 ಡೆಸಿಬೆಲ್ ಕಳೆದು ತೋರಿಸಲಾಗುತ್ತದೆ. ಗುಂಯ್‌ಗುಡುವಿಕೆ ಇದೆಯೇ ಎಂದು ತಿಳಿಯಬೇಕಾದರೆ ಆ್ಯಪಿನಲ್ಲಿ ‘ಸಿ’ ಕ್ರಮ ಆರಿಸಿ, ಕೆಲಸಕ್ಕೆ ಮೊದಲು ಮತ್ತು ನಂತರ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಅಳೆಯುವುದು ಸರಿ.

ಕಾರಿನೊಳಗಿನ ತೊಂದರೆ ಮಾಲೀಕನದು. ಹೊರಗಿನದು ಊರಿನದು.

ಮಂಡ್ಯ ಪಟ್ಟಣದಲ್ಲಿ ಮಿಮ್ಸ್ ಆಸ್ಪತ್ರೆ, ಶಾಲೆ ಕಾಲೇಜುಗಳು, ನ್ಯಾಯಾಲಯ ಎಲ್ಲವೂ ಜನವಸತಿಯ ನಡುವೆಯೇ ಇವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಘೋಷಿತವಾದ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಇವು ಹೊತ್ತಿನ ಸರಾಸರಿ ಲೆಕ್ಕಗಳು. ಒಂದೊಂದು ವಾಹನಕ್ಕೆ ಬೇರೆಯೇ ಮಿತಿಯಿದೆ: ಒಂಬತ್ತು ಸೀಟಿನವರೆಗಿನ ಪ್ರಯಾಣಿಕ ಕಾರು 74 ಡೆಸಿಬೆಲ್ ದಾಟಬಾರದು. ಮಾದರಿ ಪರೀಕ್ಷೆಯಲ್ಲಿ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದು ಪೂರ್ತಿ ಆಕ್ಸಿಲರೇಟರ್ ಒತ್ತಿ ಹಾದುಹೋಗುತ್ತದೆ. ಏಳೂವರೆ ಮೀಟರ್ ದೂರದಲ್ಲಿಟ್ಟ ಮೈಕ್ರೊಫೋನ್ ಸದ್ದು ಅಳೆಯುತ್ತದೆ. 74 ಇದ್ದದ್ದು 84 ಆದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರೆನಿಸುತ್ತದೆ.

ಮದ್ದೂರು ಕಡೆ ಇನ್ನೊಂದು ಹೊಣೆಯಿದೆ. ಶಿಂಷಾ ನದಿಯ ಸಮೀಪದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ತಲೆತಲಾಂತರದಿಂದ ಊರವರು ಕಾಪಾಡಿಕೊಂಡು ಬಂದ ಈ ನಂಟಿಗೆ 2007ರಲ್ಲಿ ಸಮುದಾಯ ಮೀಸಲು ಪ್ರದೇಶದ ಮನ್ನಣೆ ದೊರೆಯಿತು. ಹಕ್ಕಿ ನೋಡಲು ಕಾರುಗಳು ಬರುವುದೂ ಮರಿಗಳು ಗೂಡಿನಲ್ಲಿರುವುದೂ ಒಂದೇ ಕಾಲದಲ್ಲಿ. ಆ ಬೀದಿಗೆ ಡಬ್ಬಿಯಿಲ್ಲದ ಗಾಡಿ ತರುವುದು ಊರವರ ಇಷ್ಟು ವರ್ಷಗಳ ಸಂಯಮಕ್ಕೆ ಮಾಡುವ ಅಗೌರವ.

ಮಳವಳ್ಳಿ ದಾರಿಯ ಕಷ್ಟ ಬೇರೆ ತರಹದ್ದು. ಕನಕಪುರದಿಂದ ಹಲಗೂರು, ಮಳವಳ್ಳಿ ಮೂಲಕ ಕೊಳ್ಳೇಗಾಲದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 948ರಲ್ಲಿ ಮಳೆಗಾಲ ಬಂತೆಂದರೆ ಗಗನಚುಕ್ಕಿ ಜಲಪಾತ ನೋಡುವವರ ಸಾಲು. ಹಲಗೂರಿನಿಂದ ಮುತ್ತತ್ತಿಗೆ ತಿರುಗಿದರೆ ಕಾವೇರಿ ವನ್ಯಜೀವಿಧಾಮದ ಕಾಡು, ಇಳಿಜಾರು. ಮರಳಿ ಏರುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಲೇಬೇಕು, ಅದೇ ಎಕ್ಸಾಸ್ಟ್ ಅತಿ ಹೆಚ್ಚು ಸದ್ದು ಮಾಡುವ ಹೊತ್ತು. ಇಳಿಯುವಾಗ ಕಾಲು ತೆಗೆದರೆ, ಟ್ಯೂನ್ ಮಾಡಿಸಿದ ಕೆಲವು ಗಾಡಿಗಳಲ್ಲಿ ಉರಿಯದೆ ಉಳಿದ ಇಂಧನ ಕೊಳವೆಯೊಳಗೆ ಹೊತ್ತಿ ಪಟಪಟ ಸಿಡಿಯುತ್ತದೆ. ಕಾಡಿನ ಜೀವಿಗಳಿಗೆ ಅದು ಪಟಾಕಿಗಿಂತ ಕಡಿಮೆಯ ಬೆದರಿಕೆಯಲ್ಲ.

ಕಾನೂನು ಈ ವಿಷಯದಲ್ಲಿ ಬಿಗಿಯಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಸದ್ದಡಗಿಸುವ ಸಾಧನ ಕಡ್ಡಾಯ. ಹೊಗೆ ಕೆಳಕ್ಕಾಗಲಿ ಎಡಕ್ಕಾಗಲಿ ಬಿಡದೆ ಹಿಂದಕ್ಕೆ ಇಲ್ಲವೇ ಬಲಕ್ಕೆ ಬಿಡಬೇಕು, ಕೊಳವೆ ಇಂಧನದ ಪೈಪಿಗೆ 35 ಮಿಲಿಮೀಟರಿಗಿಂತ ಹತ್ತಿರ ಇರಬಾರದು ಎಂಬುದೂ ಅದೇ ನಿಯಮಾವಳಿಯಲ್ಲಿದೆ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ ಬೀಳಬಹುದು, ಮೂರು ತಿಂಗಳು ಚಾಲನಾ ಪರವಾನಗಿಯೂ ಹೋಗಬಹುದು. ಶಿವಮೊಗ್ಗ, ಉಡುಪಿ ಸೇರಿದಂತೆ ಹಲವೆಡೆ ಪೊಲೀಸರು ಜಪ್ತಿ ಮಾಡಿದ ಬೈಕ್ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ರೋಲರ್ ಹರಿಸಿ ನಜ್ಜುಗುಜ್ಜು ಮಾಡಿದ್ದಾರೆ.

ಹಾಗಾದರೆ ಎಕ್ಸಾಸ್ಟಿಗೆ ಕೈಯೇ ಹಾಕಬಾರದೇ? ಹಾಕಲೇಬೇಕಾದ ಸಂದರ್ಭಗಳು ಬೇಕಾದಷ್ಟಿವೆ. ಗಾಡಿ ಚಿಕ್ಕ ಚಿಕ್ಕ ಓಡಾಟಕ್ಕಷ್ಟೇ ಬಳಕೆಯಾದರೆ ಹೊಗೆಯ ನೀರು ಆವಿಯಾಗದೆ ಡಬ್ಬಿಯಲ್ಲೇ ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ಗದ್ದೆ ದಾರಿಯ ಕೆಸರು ಹೊರಗಿನಿಂದ ತಿನ್ನುತ್ತದೆ. ಹಂಪು ಬಡಿದು ಬೆಸುಗೆ ಬಿಡುತ್ತದೆ, ನೇತುಹಾಕುವ ರಬ್ಬರು ಹರಿಯುತ್ತದೆ. ಇವನ್ನು ಸರಿಪಡಿಸುವಾಗಲೇ ಗಾಡಿಯನ್ನು ಮೊದಲಿಗಿಂತ ಮೆತ್ತಗಾಗಿಸಬಹುದು. ಕಂಪನಿಯದೇ ಡಬ್ಬಿ, ಇಲ್ಲವೇ ಅದೇ ಅಳತೆಯ, ಒಳಗೆ ಅದೇ ಬಗೆಯ ಕೋಣೆಗಳಿರುವ ಡಬ್ಬಿ ಹಾಕಿಸುವುದು, ಗಟ್ಟಿಯಾದ ರಬ್ಬರುಗಳನ್ನು ಬದಲಿಸುವುದು, ಜೋಡಣೆಯ ಗ್ಯಾಸ್ಕೆಟ್ ಹೊಸದು ಕೂರಿಸುವುದು, ಗಡಗಡ ಎನ್ನುವ ಶಾಖದ ತಗಡನ್ನು ಬಿಗಿಸುವುದು, ಡಿಕ್ಕಿಯ ನೆಲಕ್ಕೆ ಕಂಪನ ಹೀರುವ ಹಾಳೆ ಅಂಟಿಸುವುದು — ಇವುಗಳಲ್ಲಿ ಯಾವುದೂ ಆರ್‌ಟಿಒ ಕಣ್ಣಿಗೆ ಅಪರಾಧವಲ್ಲ, ಪ್ರತಿಯೊಂದೂ ಸದ್ದು ತಗ್ಗಿಸುತ್ತದೆ. ಕೊಳವೆ ಬಗ್ಗಿಸುವಾಗ ಒಳಸುತ್ತು ಚಪ್ಪಟೆಯಾಗದಂತೆ ಬಗ್ಗಿಸಲು ಹೇಳಬೇಕು; ಮಡಿಕೆಬಿದ್ದ ಬೆಂಡಿನಲ್ಲಿ ಹೊಗೆಗೂ ತಡೆಯಾಗುತ್ತದೆ, ಸಿಳ್ಳೆಯೂ ಏಳುತ್ತದೆ.

ಕ್ಯಾಟಲಿಟಿಕ್ ಕನ್ವರ್ಟರನ್ನು ಮಾತ್ರ ಯಾರು ಎಷ್ಟೇ ಹೇಳಿದರೂ ಕತ್ತರಿಸಿ ತೆಗೆಸಬಾರದು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಹೊಗೆ ಮಾನದಂಡದ ಗಾಡಿಗಳಲ್ಲಿ ಆಕ್ಸಿಜನ್ ಸೆನ್ಸರುಗಳು ಅದರ ಕೆಲಸವನ್ನು ಸದಾ ಗಮನಿಸುತ್ತಿರುತ್ತವೆ. ತೆಗೆದ ಕೂಡಲೇ ಅಲ್ಲದಿದ್ದರೂ ಸ್ವಲ್ಪ ಓಟದಲ್ಲೇ ಎಂಜಿನ್ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಬಿರುಕಿನ ಕೊಳವೆಯನ್ನು ಹಾಗೇ ಬಿಡುವುದೂ ಅಪಾಯ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳನುಗ್ಗಿದರೆ, ನಿಂತ ಗಾಡಿಯಲ್ಲಿ ಎಸಿ ಹಾಕಿ ಮಲಗಿದವರಿಗೆ ಎಚ್ಚರವೇ ಆಗದಿರಬಹುದು.

ಎಮಿಷನ್ ಟೆಸ್ಟ್ ಚೀಟಿ ಇದೆಯೆಂದು ಸುಮ್ಮನಾಗುವಂತಿಲ್ಲ. ಆ ಪರೀಕ್ಷೆ ಹೊಗೆಯನ್ನಷ್ಟೇ ಅಳೆಯುತ್ತದೆ, ಸದ್ದನ್ನಲ್ಲ. ಆದ್ದರಿಂದ ಗ್ಯಾರೇಜಿನಲ್ಲಿ ದುಡ್ಡು ಎಣಿಸುವ ಮುನ್ನ ಮೆಕ್ಯಾನಿಕ್ಕಿಗೆ ಕೇಳಬೇಕಾದ್ದು ಮೂರು ಮಾತು: ಡಬ್ಬಿಯೊಳಗೆ ಕೋಣೆಗಳಿವೆಯೇ, ಬರೀ ನಾರೇ? ರೆಸೊನೇಟರ್ ಉಳಿಯುತ್ತದೆಯೇ? ಹೆದ್ದಾರಿಯ ವೇಗದಲ್ಲಿ ಗುಂಯ್‌ಗುಟ್ಟಿದರೆ ಬಿಚ್ಚಿ ಹಳೆಯದನ್ನೇ ಕೂರಿಸಿಕೊಡುವಿರಾ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಬೇರೆ ಗ್ಯಾರೇಜು ಹುಡುಕುವುದು ಲೇಸು. ಕೆಲಸ ಮುಗಿದ ಮೇಲೆ ಮಂಡ್ಯದಿಂದ ಮದ್ದೂರಿನವರೆಗೆ ಹೆದ್ದಾರಿಯಲ್ಲಿ ಒಮ್ಮೆ ಓಡಿಸಿ ನೋಡಬೇಕು, ಬಿಲ್ಲು ಇಸಿದುಕೊಳ್ಳಬೇಕು. ಬಿಚ್ಚಿದ ಕಂಪನಿ ಡಬ್ಬಿ ಚೆನ್ನಾಗಿದ್ದರೆ ಗುಜರಿಗೆ ಹಾಕದೆ ಮನೆಯಲ್ಲಿ ಇಟ್ಟುಕೊಳ್ಳಬೇಕು.